ಐದು ತಿಂಗಳ ಪಿಎಫ್ ಬಾಕಿ: ಬಡ್ಡಿ, ದಂಡ ಎಷ್ಟು?

ಪ್ರಶ್ನೆ: ಸರ್, ಚಳ್ಳಕೆರೆಯ ಶೇಂಗಾ ಎಣ್ಣೆ ಮಿಲ್ಲಿನ ಲೆಕ್ಕ ನೋಡ್ತೀನಿ. 22 ಜನ ಇದ್ದಾರೆ, ಎಲ್ಲರ ಪಿಎಫ್ ಸಂಬಳ 12,000. 2024ರ ನವೆಂಬರ್‌ನಿಂದ ಮಾರ್ಚ್‌ವರೆಗೆ ಸಂಬಳದಲ್ಲಿ ಹಿಡಿದಿದ್ದೀವಿ, ಕಟ್ಟಿಲ್ಲ. ವಾರ್ಷಿಕ ರಿಟರ್ನ್ ಜೊತೆ ಒಟ್ಟಿಗೆ ಕಟ್ಟೋಣ ಅಂತಾರೆ ಮಾಲೀಕರು. 2025ರ ಜೂನ್ ಮಧ್ಯದಲ್ಲಿ ಕಟ್ಟಿದ್ರೆ ಎಷ್ಟು ಬೀಳುತ್ತೆ?

ಉತ್ತರ: ವಾರ್ಷಿಕ ರಿಟರ್ನ್ ಅನ್ನೋದೇ ಈಗಿಲ್ಲ. ಅದರ 3ಎ, 6ಎ ನಮೂನೆಗಳು ಇಸಿಆರ್ (ಪ್ರತಿ ತಿಂಗಳು ಆನ್‌ಲೈನಲ್ಲಿ ಸಲ್ಲಿಸುವ ಚಲನ್ ಸಹಿತ ರಿಟರ್ನ್) ಬಂದಾಗಲೇ ಹೋದವು. ಪ್ರತಿ ತಿಂಗಳ ಬಾಬ್ತು ಮುಂದಿನ ತಿಂಗಳ 15ರೊಳಗೆ ಜಮಾ ಆಗಬೇಕು. ಹಿಂದೆ ಇದ್ದ ಐದು ದಿನದ ರಿಯಾಯಿತಿಯೂ 2016ರಲ್ಲಿ ರದ್ದಾಯ್ತು.

ನಿಮ್ಮ ಲೆಕ್ಕ ಹೀಗೆ: ಒಬ್ಬರಿಗೆ ನೌಕರರ ಪಾಲು 1,440. ಮಾಲೀಕರ ಪಾಲೂ 1,440. ಅದರಲ್ಲಿ 1,000 ಪಿಂಚಣಿಗೆ, 440 ಪಿಎಫ್‌ಗೆ. ಇಡಿಎಲ್‌ಐ (ನೌಕರರ ಜೀವ ವಿಮೆ) 60, ಆಡಳಿತ ಶುಲ್ಕ 60. ಒಟ್ಟು 3,000. 22 ಜನಕ್ಕೆ ತಿಂಗಳಿಗೆ 66,000. ತಡವಾದರೆ 1952ರ ಪಿಎಫ್ ಕಾಯ್ದೆಯ ಸೆಕ್ಷನ್ 7ಕ್ಯೂ ಪ್ರಕಾರ ವರ್ಷಕ್ಕೆ 12% ಸರಳ ಬಡ್ಡಿ, 14ಬಿ ಪ್ರಕಾರ ತಿಂಗಳಿಗೆ 1% ದಂಡ. ನವೆಂಬರ್ ಬಾಬ್ತು ಆರು ತಿಂಗಳು ತಡ, ಹಾಗಾಗಿ ಬಡ್ಡಿ ಸುಮಾರು 3,960, ದಂಡವೂ ಅಷ್ಟೇ. ಡಿಸೆಂಬರ್‌ಗೆ ಐದು ತಿಂಗಳು, ಹೀಗೆ ಇಳಿಯುತ್ತಾ ಹೋಗುತ್ತೆ. 2024ರ ಜೂನ್ ಮಧ್ಯಕ್ಕಿಂತ ಹಿಂದಿನ ಬಾಕಿ ಆಗಿದ್ದರೆ ದಂಡ ವರ್ಷಕ್ಕೆ 25%ವರೆಗೂ ಹೋಗ್ತಿತ್ತು.

ಹಳೇ ತಿಂಗಳಿಂದ ಶುರು ಮಾಡಿ, ತಿಂಗಳಿಗೊಂದು ಇಸಿಆರ್, ಒಂದು ಚಲನ್. ಐದನ್ನೂ ಒಂದೇ ತಿಂಗಳಿಗೆ ತುಂಬಿದರೆ ಪಿಂಚಣಿ ಸೇವೆಯ ಲೆಕ್ಕ ಕೆಡುತ್ತೆ. ಸಂಬಳವಿಲ್ಲದ ರಜೆ ಹಾಕಿದವರ ಎನ್‌ಸಿಪಿ ದಿನಗಳನ್ನು (ಪಿಎಫ್ ಕಟ್ಟದ ದಿನಗಳು) ಖಾಲಿ ಬಿಡಬೇಡಿ. ಆಧಾರ್ ಜೋಡಣೆ ಆಗದ ಯುಎಎನ್ (ನೌಕರರ ಪಿಎಫ್ ಸಂಖ್ಯೆ) ಇದ್ದರೆ ಫೈಲ್ ವಾಪಸ್ ಬರುತ್ತೆ, ಮೊದಲೇ ನೋಡಿಕೊಳ್ಳಿ. ದಂಡದ ನೋಟಿಸ್ ಬರಲಿ ಅಂತ ಅಸಲು ತಡೆಹಿಡಿಯೋದು ದಡ್ಡತನ, ದಿನ ಕಳೆದಷ್ಟೂ ಬಡ್ಡಿ ಏರುತ್ತೆ.

ಪ್ರಶ್ನೆ: ದಂಡ ನೌಕರರ ಸಂಬಳದಲ್ಲಿ ಹಿಡೀಬಹುದಾ?

ಉತ್ತರ: ಒಂದು ರೂಪಾಯಿಯೂ ಹಿಡಿಯೋ ಹಾಗಿಲ್ಲ. ಹಿಡಿದ ನೌಕರರ ಪಾಲು ಕಟ್ಟದಿದ್ದರೆ ನಂಬಿಕೆದ್ರೋಹದ ಕೇಸೇ ಆಗಬಹುದು, ಮಾಲೀಕರಿಗೆ ಇದನ್ನ ಹೇಳಿ.

ಇನ್ನೊಬ್ಬರು, ದಾವಣಗೆರೆಯ ತೆರಿಗೆ ಸಲಹೆಗಾರರು: ಆದಾಯ ತೆರಿಗೆಯ ಕಡೆಗೂ ಗಮನ ಇರಲಿ. 2024-25ರ ಲೆಕ್ಕದಲ್ಲಿ ತಡವಾಗಿ ಕಟ್ಟಿದ ನೌಕರರ ಪಾಲನ್ನು ಖರ್ಚು ಅಂತ ತೋರಿಸೋಕೆ ಆಗಲ್ಲ, 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನ ಖಚಿತ ಮಾಡಿದೆ. ತಿಂಗಳಿಗೆ 31,680ರಂತೆ ಐದು ತಿಂಗಳಿಗೆ 1,58,400 ಲಾಭಕ್ಕೆ ಸೇರುತ್ತೆ. ಮಾಲೀಕರ ಪಾಲಿಗೆ ಮಾತ್ರ ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ಕೊನೆ ದಿನದವರೆಗೂ ಅವಕಾಶ ಇದೆ.