ಸಹಾಯ ಬೇಕು: ಕೀ ತಿರುಗಿಸಿದ್ರೆ ಬರೀ ಟಕ್ ಅಂತದೆ, ಕಾರು ಸ್ಟಾರ್ಟ್ ಆಗುದಿಲ್ಲ (ಉಡುಪಿ)

ನಮಸ್ಕಾರ, ಕಾರಿನ ವಯರಿಂಗ್ ಗೊತ್ತಿರುವವರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ. ಮೂರು ತಿಂಗಳ ಹಿಂದೆ ಒಂದು ಸೆಕೆಂಡ್‌ಹ್ಯಾಂಡ್ ಪೆಟ್ರೋಲ್ ಕಾರು ತಗೊಂಡೆ, 2013 ಮಾಡೆಲ್, ಮೊದಲಿನ ಓನರ್ ಮಲ್ಪೆ ಕಡೆಯವ್ರು, ಗಾಡಿ ಸಮುದ್ರದ ಹತ್ರವೇ ನಿಲ್ತಿತ್ತಂತೆ. ಈಗ ಎಂತ ಆಗ್ತಾ ಉಂಟು ಅಂದ್ರೆ ಕೀ ತಿರುಗಿಸಿದ್ರೆ ಒಂದೇ ಸಲ ಟಕ್ ಅಂತದೆ, ಸ್ಟಾರ್ಟರ್ (ಇಂಜಿನ್ ತಿರುಗಿಸುವ ಮೋಟಾರು) ತಿರುಗುದೇ ಇಲ್ಲ, ನಾಲ್ಕೈದು ಸಲ ಟ್ರೈ ಮಾಡಿದ್ರೆ ಒಮ್ಮೊಮ್ಮೆ ಏನೂ ಆಗದ ಹಾಗೆ ಸ್ಟಾರ್ಟ್ ಆಗ್ತದೆ. ಜೋರು ಮಳೆ ಬಂದ ಮರುದಿನ ಜಾಸ್ತಿ.

ಗ್ಯಾರೇಜ್‌ನವ್ರು ಬ್ಯಾಟರಿ ಹೋಗಿದೆ ಅಂದ್ರು, ಹೊಸತು ಹಾಕ್ಸಿದೆ, ಎರಡೇ ವಾರಕ್ಕೆ ಪುನಃ ಅದೇ. ಆಮೇಲೆ ಮಲ್ಟಿಮೀಟರ್ ತಂದು ನಾನೇ ನೋಡಿದೆ, ಬೆಳಿಗ್ಗೆ 12.6 ವೋಲ್ಟ್, ಇಂಜಿನ್ ಓಡುವಾಗ 14.2, ಹಾಗಾಗಿ ಬ್ಯಾಟರಿ, ಅದನ್ನ ಚಾರ್ಜ್ ಮಾಡುವ ಆಲ್ಟರ್ನೇಟರ್ ಎರಡೂ ಸರಿ ಉಂಟು ಅಂತ ನನ್ನ ಲೆಕ್ಕ. ಟಕ್ ಅನ್ನುವಾಗ ಹೆಡ್‌ಲೈಟೂ ಡಿಮ್ ಆಗುದಿಲ್ಲ. ಆದ್ರೆ ಮೀಟರಿನ ಒಂದು ವಯರ್ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಇಂಜಿನ್ ಬ್ಲಾಕಿಗೆ ಇಟ್ಟು ಕೀ ತಿರುಗಿಸಿದಾಗ 2 ವೋಲ್ಟ್ ಮೇಲೆ ತೋರಿಸ್ತು, ಅದು ಅರ್ಧ ವೋಲ್ಟಿನ ಒಳಗೆ ಇರ್ಬೇಕಲ್ವಾ? ಕೆಳಗೆ ಬಗ್ಗಿ ನೋಡಿದ್ರೆ ಬ್ಯಾಟರಿ ಮೈನಸ್‌ನಿಂದ ಇಂಜಿನಿಗೆ ಹೋಗುವ ಅರ್ಥ್ ಕೇಬಲ್ಲಿನ ಬೋಲ್ಟ್ ಪೂರ್ತಿ ತುಕ್ಕು, ಕೇಬಲ್ ತುದಿಯಲ್ಲಿ ಹಸಿರು ಪುಡಿ.

ಈಗ ಗ್ಯಾರೇಜ್‌ನವ್ರು ಪೂರ್ತಿ ಸ್ಟಾರ್ಟರ್ ಬದಲಾಯಿಸುವ ಅಂತಾರೆ. ಮೊದಲು ಅರ್ಥ್ ಕೇಬಲ್ ಹೊಸತು ಹಾಕಿ ನೋಡುದು ಸರಿಯಾ, ಅಥವಾ ಸೊಲೆನಾಯ್ಡ್ (ಸ್ಟಾರ್ಟರಿಗೆ ಕರೆಂಟ್ ಕೊಡುವ ಸ್ವಿಚ್) ಸಹ ಬಿಚ್ಚಿಸ್ಬೇಕಾ? ಅಮ್ಮನನ್ನ ವಾರಕ್ಕೆ ಎರಡು ಸಲ ಮಣಿಪಾಲಕ್ಕೆ ಫಿಸಿಯೋಥೆರಪಿಗೆ ಕರ್ಕೊಂಡು ಹೋಗ್ಲಿಕ್ಕೆ ಉಂಟು, ದಾರಿಯಲ್ಲಿ ನಿಂತ್ರೆ ತುಂಬಾ ಕಷ್ಟ. ಸ್ಟಾರ್ಟರ್ ಬಿಚ್ಚಿ ಟೆಸ್ಟ್ ಮಾಡಿ ಕೊಡುವ ಆಟೋ ಎಲೆಕ್ಟ್ರಿಶಿಯನ್ ಉಡುಪಿ, ಕಾಪು ಕಡೆ ಇದ್ರೂ ತಿಳಿಸಿ.