ಇಂಟರ್ವಲ್ ಆದಮೇಲೆ ಏನಾಯ್ತು ಸ್ವಾಮೀ?

ನಮ್ಮ ಬೀದಿಯ ಸಿನಿಮಾ ವಿಮರ್ಶಕರಿಗೆ ಒಂದು ಸಿದ್ಧಾಂತವಿದೆ. ಕನ್ನಡ ಸಿನಿಮಾದ ಹಣೆಬರಹ ಗೊತ್ತಾಗುವುದು ಇಂಟರ್ವಲ್ ಆದಮೇಲಂತೆ. ಮೊದಲರ್ಧ ಯಾರು ಬೇಕಾದರೂ ತೆಗೆಯುತ್ತಾರೆ. ಹೀರೋ ಬಂದ, ಹೊಡೆದ, ಹಾಡಿದ, ಸಿಕ್ಕಿಹಾಕಿಕೊಂಡ. ಸಿಕ್ಕಿಸಿದವನಿಗೆ ಬಿಡಿಸುವುದು ಬರುತ್ತದಾ? ಅದು ಪ್ರಶ್ನೆ. "ಎರಡನೇ ಅರ್ಧ ಕೊಂಚ ಎಳೆದಂತಿದೆ" ಅನ್ನುವ ಸಾಲನ್ನು ಅವರು ಎಷ್ಟು ಸಲ ಬರೆದಿದ್ದಾರೆಂದರೆ, ಈಗ ಫೋನಿನಲ್ಲಿ "ಎರ" ಅಂತ ಒತ್ತಿದರೆ ಮಿಕ್ಕಿದ್ದನ್ನು ಫೋನೇ ಬರೆದು ಮುಗಿಸುತ್ತದೆ.

ಈ ಸಿದ್ಧಾಂತಕ್ಕೆ ಮೊನ್ನೆ ಭಾನುವಾರ ಅವರ ಮನೆ ಜಗುಲಿಯಲ್ಲೇ ಗ್ರಹಚಾರ ಬಂತು. ಅಲ್ಲಿದ್ದವರು ವಿಮರ್ಶಕರು, ಅವರಿಗೆ ಹೈಸ್ಕೂಲಿನಲ್ಲಿ ಪಾಠ ಮಾಡಿದ್ದ ಮೇಷ್ಟ್ರು, ಮಹಡಿ ಮೇಲೆ ಬಾಡಿಗೆಗಿರುವ ಸಾಫ್ಟ್‌ವೇರ್ ಹುಡುಗ, ನಾನು. ಒಳಗೆ ವಿಮರ್ಶಕರ ಹೆಂಡತಿ, ನಮ್ಮ ಪಾಲಿನ ಅತ್ತಿಗೆ, ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದರು. ಕೈ ಬಾಣಲೆಯಲ್ಲಿ, ಕಿವಿ ಜಗುಲಿಯಲ್ಲಿ.

ಶುರು ಮಾಡಿದ್ದು ಮೇಷ್ಟ್ರು.

"ಲೋ, ನಿನ್ನ ಲೆಕ್ಕದಲ್ಲಿ 'ಸಪ್ತ ಸಾಗರದಾಚೆ ಎಲ್ಲೋ' ಏನಾಗುತ್ತೆ? 2023ರ ಸೆಪ್ಟೆಂಬರ್ 1ಕ್ಕೆ ಸೈಡ್ ಎ ಅಂತ ಮೊದಲ ಭಾಗ. ನವೆಂಬರ್ 17ಕ್ಕೆ ಸೈಡ್ ಬಿ ಅಂತ ಎರಡನೆಯದು. ಇಂಟರ್ವಲ್‌ಗೆ ಅಂತ ಎದ್ದು ಹೋದವನು ಗಣೇಶನ ಹಬ್ಬ, ದಸರಾ, ದೀಪಾವಳಿ ಎಲ್ಲಾ ಮುಗಿಸಿಕೊಂಡು ಬಂದು ಕೂತೆ. ಅಷ್ಟು ಹೊತ್ತಿಗೆ ಹೀರೋ ಮನು ಯಾಕೆ ಜೈಲಿಗೆ ಹೋದ ಅನ್ನೋದೇ ಮರೆತಿತ್ತು."

"ಬೇರೆಯವರ ತಪ್ಪನ್ನು ತನ್ನ ತಲೆಗೆ ಹಾಕಿಕೊಂಡ, ಸಾರ್" ಅಂದರು ವಿಮರ್ಶಕರು. " ಸೈಡ್ ಎ ತುಂಬ ನೀಲಿ, ಪ್ರೀತಿ. ಸೈಡ್ ಬಿ ತುಂಬ ಕೆಂಪು, ಪ್ರೀತಿ ಕೈತಪ್ಪಿದ ಮೇಲಿನ ಗೀಳು. ನಿರ್ದೇಶಕ ಹೇಮಂತ್ ರಾವ್ ಬಣ್ಣದಲ್ಲೇ ಕಥೆ ಹೇಳಿದ್ದಾರೆ."

"ಒಳ್ಳೆ ವಕೀಲರನ್ನು ಹಿಡಿದಿದ್ದರೆ ಕೆಂಪು ಬಣ್ಣದ ಖರ್ಚು ಉಳಿಯುತ್ತಿತ್ತು."

"ಸೈಡ್ ಎ ಮುಗಿದಾಗ ನಾನು ಸೀಟಿನಿಂದ ಏಳಲೇ ಇಲ್ಲ ಅಂಕಲ್. ಹತ್ತು ನಿಮಿಷ ಹಾಗೇ ಅಳುತ್ತಾ ಕೂತಿದ್ದೆ" ಅಂದ ಹುಡುಗ.

"ಯಾರ ಜೊತೆ ಹೋಗಿದ್ದೆ?"

"ಒಬ್ಬನೇ."

"ಅದಕ್ಕೇ" ಅಂದರು ಮೇಷ್ಟ್ರು.

ಎರಡೂವರೆ ತಿಂಗಳೇನು ಮಹಾ, 'ಕೆಜಿಎಫ್' ನೋಡಿ ಅಂತ ನಾನು ಬಾಯಿ ಹಾಕಿದೆ. ಮೊದಲ ಭಾಗ 2018ರ ಡಿಸೆಂಬರ್, ಎರಡನೆಯದು 2022ರ ಏಪ್ರಿಲ್. ನಡುವೆ ಕೊರೊನಾ ಬಂದು ಲಾಕ್‌ಡೌನ್‌ಗಳೇ ಮುಗಿದುಹೋದವು. ರಾಕಿ ಭಾಯ್ ಅಷ್ಟೂ ದಿನ ಅದೇ ಗಡ್ಡದಲ್ಲಿ ಕಾಯುತ್ತಿದ್ದ.

"ಅದಾದರೂ ಮೊದಲು ಮೊದಲನೆಯದು, ಆಮೇಲೆ ಎರಡನೆಯದು" ಅಂದರು ಮೇಷ್ಟ್ರು. "'ಕಾಂತಾರ'ದಲ್ಲಿ 2022ಕ್ಕೆ ಕಥೆ ತೋರಿಸಿ, 2025ಕ್ಕೆ ಚಾಪ್ಟರ್ 1 ಅಂತ ತಂದರು. 'ಮಫ್ತಿ' ಬಂದು ಏಳು ವರ್ಷವಾದ ಮೇಲೆ 'ಭೈರತಿ ರಣಗಲ್' ಬಂದು ಅದಕ್ಕೂ ಹಿಂದಿನ ಕಥೆ ಹೇಳಿತು. ಇಂಟರ್ವಲ್ ಆದಮೇಲೆ ಮೊದಲರ್ಧ! ಇದಕ್ಕೆ ಹೇಗೋ ಬರೆಯುತ್ತೀಯ, ಮೊದಲರ್ಧ ಎಳೆದಂತಿದೆ ಅಂತಲಾ?"

ವಿಮರ್ಶಕರು ಒಂದು ಬಜ್ಜಿ ಮುಗಿಸಿ ಗಂಟಲು ಸರಿಮಾಡಿಕೊಂಡರು. 'ಕಾಂತಾರ'ದ ಮೇಲೆ ಅವರಿಗೆ ಗೌರವವೂ ಇದೆ, ತಕರಾರೂ ಇದೆ. ಮೊದಲಿಗೆ ಕಂಬಳ ಅದ್ಭುತವಂತೆ. ಆಮೇಲೆ ಊರಿನ ಪುಂಡ, ಫಾರೆಸ್ಟ್ ಆಫೀಸರ್ ಜೊತೆ ಜಗಳ, ಹುಡುಗಿ ಹಿಂದೆ ಓಡಾಟ, ಎಲ್ಲಾ ನೋಡಿದ್ದೇ ಅಂತೆ. ಕಡೆಯ ಇಪ್ಪತ್ತು ನಿಮಿಷದಲ್ಲಿ ಗುಳಿಗ ದೈವ ಬಂದು ಇಡೀ ಚಿತ್ರವನ್ನು ಎತ್ತಿ ನಿಲ್ಲಿಸಿದ.

"ಆ ಇಪ್ಪತ್ತು ನಿಮಿಷ ತೆಗೆದುಬಿಟ್ಟರೆ ಏನುಳಿಯುತ್ತೆ ಹೇಳಿ."

"ಯಾಕೆ ತೆಗೆಯಬೇಕು? ಅದಕ್ಕೂ ಸೇರಿಸಿಯೇ ಟಿಕೆಟ್ ತಗೊಂಡಿದ್ದು" ಅಂದೆ.

ನಾನು ನೋಡಿದ ಥಿಯೇಟರಿನಲ್ಲಿ ಆ ಹೊತ್ತಿಗೆ ಪಕ್ಕದ ಸೀಟಿನ ಯಜಮಾನರು ಮೆಲ್ಲಗೆ ಚಪ್ಪಲಿ ಕಳಚಿ, ಕಾಲು ಹಿಂದಕ್ಕೆಳೆದುಕೊಂಡು, ಕೈಮುಗಿದು ಕೂತರು. ಅಲ್ಲಿಯವರೆಗೆ ಅವರು ಫೋನಿನಲ್ಲಿ ಯಾರಿಗೋ ಸೈಟಿನ ರೇಟು ಹೇಳುತ್ತಿದ್ದರು. ಚಿತ್ರ ಮುಗಿದು ದೀಪ ಹತ್ತಿದ ಮೇಲೆ ಚಪ್ಪಲಿ ಹುಡುಕಲು ನನ್ನ ಟಾರ್ಚೇ ಬೇಕಾಯಿತು. ರಿಷಬ್ ಶೆಟ್ಟಿಗೆ ರಾಷ್ಟ್ರಪ್ರಶಸ್ತಿ ಬಂದಾಗ ನನಗೆ ಮೊದಲು ನೆನಪಾಗಿದ್ದು ಆ ಚಪ್ಪಲಿ. ಚಾಪ್ಟರ್ 1ರಲ್ಲಿ ಕದಂಬರ ಕಾಲ, ಅರಮನೆ, ಯುದ್ಧ, ಎಲ್ಲಾ ದೊಡ್ಡದು. ಕಣ್ಣು ತುಂಬಿತು, ನಿಜ. ಆದರೆ ನನ್ನ ಅಕ್ಕಪಕ್ಕ ಯಾರೂ ಚಪ್ಪಲಿ ಬಿಡಲಿಲ್ಲ.

"ಅದರಲ್ಲಿ ರುಕ್ಮಿಣಿ ವಸಂತ್ ರಾಜಕುಮಾರಿ" ಅಂತ ಹುಡುಗ ನಿಟ್ಟುಸಿರುಬಿಟ್ಟ. ಸೈಡ್ ಎಯ ನಾಯಕಿಯೂ ಅವರೇ, ಅದರಿಂದ ಅವನಿನ್ನೂ ಹೊರಗೆ ಬಂದಿಲ್ಲ.

ಅಷ್ಟರಲ್ಲಿ ಅತ್ತಿಗೆ ಎರಡನೇ ತಟ್ಟೆ ತಂದಿಟ್ಟರು.

"'ಯುಐ' ಬಗ್ಗೆ ಕೇಳಿ ಇವರನ್ನ."

ವಿಮರ್ಶಕರು ಕಾಫಿ ಲೋಟದಲ್ಲಿ ಮುಖ ಮುಚ್ಚಿಕೊಂಡರು. 2024ರ ಡಿಸೆಂಬರ್‌ನಲ್ಲಿ ಬಂದ ಉಪೇಂದ್ರರ 'ಯುಐ' ಶುರುವಾಗುವುದೇ ಪ್ರೇಕ್ಷಕರಿಗೆ ಒಂದು ಸೂಚನೆಯಿಂದ: ಬುದ್ಧಿವಂತರಾಗಿದ್ದರೆ ಈಗಲೇ ಎದ್ದುಹೋಗಿ, ದಡ್ಡರಾಗಿದ್ದರೆ ಪೂರ್ತಿ ನೋಡಿ. ಬೇರೆಯವರಿಗೆ ಅದು ತಮಾಷೆ. ವಿಮರ್ಶಕರಿಗೆ ಧರ್ಮಸಂಕಟ. ಎದ್ದುಹೋದರೆ ವಿಮರ್ಶೆ ಬರೆಯುವ ಹಾಗಿಲ್ಲ. ಕೂತರೆ ಊರಿಗೆಲ್ಲ ಗೊತ್ತಾಗುತ್ತೆ.

"ಅರ್ಧ ಎದ್ದರು, ಮತ್ತೆ ಕೂತರು" ಅಂದರು ಅತ್ತಿಗೆ. "ಹಿಂದಿನವರು ಏನ್ ಸಾರ್, ಇನ್ನೂ ಡಿಸೈಡ್ ಆಗಿಲ್ವಾ ಅಂದರು. ಸಾಲದ್ದಕ್ಕೆ ಚಿತ್ರದೊಳಗೂ ಒಬ್ಬ ವಿಮರ್ಶಕ. ಮುರಳಿ ಶರ್ಮಾ ಮಾಡಿದ್ದಾರಲ್ಲ, ಅದೇ. ಸಿನಿಮಾ ನೋಡುತ್ತಾನೆ, ವಿಮರ್ಶೆ ಬರೆಯೋಕೆ ಆಗಲ್ಲ, ತಲೆ ಕೆಟ್ಟು ಒದ್ದಾಡುತ್ತಾನೆ. ಅವನನ್ನು ನೋಡಿ ಇವರ ಕಣ್ಣಲ್ಲಿ ನೀರು! 'ಚಾರ್ಲಿ' ನೋಡಿದಾಗಲೂ ಇಷ್ಟು ಅತ್ತಿರಲಿಲ್ಲ."

"'ಚಾರ್ಲಿ'ಗೆ ಆಗಿನ ಮುಖ್ಯಮಂತ್ರಿ ಬೊಮ್ಮಾಯಿಯವರೇ ಅತ್ತಿದ್ದರು. ನಾನು ಅತ್ತು ಇನ್ನೇನಾಗಬೇಕು" ಅಂತ ಗೊಣಗಿದರು ವಿಮರ್ಶಕರು. ನಾಯಿಯ ಕಥೆಯ '777 ಚಾರ್ಲಿ' ಹಿಮ ನೋಡಲು ಹೊರಟಮೇಲೆ ದಾರಿ ಉದ್ದವಾಯಿತು ಅನ್ನುವುದು ಅವರ ಅಭಿಪ್ರಾಯ. ಹಾಗಂತ ಬರೆಯುವ ಧೈರ್ಯ ಬರಲಿಲ್ಲವಂತೆ. ಹೀರೋ ಅಭಿಮಾನಿಗಳನ್ನು ಎದುರುಹಾಕಿಕೊಂಡರೂ ಬದುಕಬಹುದು, ನಾಯಿ ಸಾಕಿದವರನ್ನು ಎದುರುಹಾಕಿಕೊಂಡು ಬೆಳಗ್ಗೆ ಪಾರ್ಕಿಗೆ ಹೋಗುವುದು ಹೇಗೆ? ಮೂರೂವರೆ ಸ್ಟಾರ್ ಕೊಟ್ಟು ಸುಮ್ಮನಾದರು. 'ಯುಐ'ಗೂ ಮೂರೂವರೆಯೇ. "ಅರ್ಥ ಆಗದಿದ್ದರೆ ಅರ್ಧ ಜಾಸ್ತಿ ಕೊಡಬೇಕು, ಅದು ಸೇಫು" ಅಂದರು. ಅದೇ ವಾರ ಬಂದ ಸುದೀಪರ 'ಮ್ಯಾಕ್ಸ್' ಒಂದೇ ರಾತ್ರಿಯ ಕಥೆ, ಪೂರ್ತಿ ಅರ್ಥವಾಯಿತು. ಅದಕ್ಕೆ ಮೂರು.

"ಹಾಗಾದರೆ ನಿಜವಾಗಲೂ ಇಷ್ಟವಾಗಿದ್ದು ಯಾವುದು?" ಅಂದೆ.

ಅವರ ಮುಖ ಅರಳಿತು. 'ಗರುಡ ಗಮನ ವೃಷಭ ವಾಹನ'. ಮಳೆಯಲ್ಲಿ ರೌಡಿ ಶಿವನ ಆ ಕುಣಿತ, ಹಿನ್ನೆಲೆಗೆ ಸೋಜುಗಾದ ಸೂಜುಮಲ್ಲಿಗೆ, ಕೊಲೆ ಮಾಡಿ ಬಂದವನು ಮಗುವಿನ ಹಾಗೆ ಕುಣಿಯುತ್ತಾನಲ್ಲ, ನಡುಕ ಬಂತು ಅಂದರು. ಆಮೇಲೆ 'ಶಾಖಾಹಾರಿ'. ಮಲೆನಾಡಿನ ಪುಟ್ಟ ಹೋಟೆಲು, ರಂಗಾಯಣ ರಘು ಅಡುಗೆ ಭಟ್ಟರು, ಒಂದು ಕೊಲೆ. ರಘು ಕಣ್ಣಲ್ಲೇ ಎಲ್ಲಾ ಹೇಳಿಬಿಡುತ್ತಾರೆ. ಬಾಯಿ ಬಿಟ್ಟು ಹೇಳುವ ಹಾಗೂ ಇಲ್ಲ ಬಿಡಿ.

"ಮತ್ತೆ 'ಸು ಫ್ರಮ್ ಸೋ'?" ಅಂದ ಹುಡುಗ.

"ಮೊದಲರ್ಧ ಬಿದ್ದು ಬಿದ್ದು ನಕ್ಕೆ. ಬಚ್ಚಲುಮನೆ ಕಿಟಕಿ ಹತ್ತಿರ ಸಿಕ್ಕಿಬಿದ್ದ ಅಶೋಕ, ಏಟು ತಪ್ಪಿಸಿಕೊಳ್ಳೋಕೆ ಮೈಮೇಲೆ ದೆವ್ವ ಬಂದ ಹಾಗೆ ಆಡುತ್ತಾನೆ. ಊರೆಲ್ಲ ನಂಬಿಬಿಡುತ್ತೆ. ದೊಡ್ಡ ಸ್ಟಾರ್ ಒಬ್ಬರೂ ಇಲ್ಲದೆ ಬರೀ ಬಾಯಿಮಾತಿನ ಮೇಲೆ ಓಡಿದ ಚಿತ್ರ, ನಿರ್ದೇಶಕ ತುಮಿನಾಡ್ ಬರವಣಿಗೆಗೆ ಶಹಬ್ಬಾಸ್ ಅನ್ನಲೇಬೇಕು. ಆದರೆ ಎರಡನೇ ಅರ್ಧ..."

"ಎಳೆದಂತಿದೆ" ಅಂತ ನಾವು ಮೂವರೂ ಒಟ್ಟಿಗೆ ಹೇಳಿದೆವು.

"ಎಳೆದಂತೆ ಅಲ್ಲ, ದಾರಿ ತಪ್ಪಿತು. ನಗಿಸುತ್ತಿದ್ದ ಸಿನಿಮಾ ಇದ್ದಕ್ಕಿದ್ದಂತೆ ಗಂಭೀರ. ಆ ಹುಡುಗಿ ಭಾನು ಯಾಕೆ ಅಷ್ಟು ಕಷ್ಟದಲ್ಲಿದ್ದಾಳೆ, ಸರಿಯಾಗಿ ಹೇಳಲೇ ಇಲ್ಲ."

ಅತ್ತಿಗೆ ಜಾಲರಿ ಸೌಟು ಹಿಡಿದುಕೊಂಡೇ ಹೊರಗೆ ಬಂದರು.

"ಹೇಳಿದರು ಕಣ್ರೀ. ನೀವು ಇರಲಿಲ್ಲ."

"ಅಂದರೆ?"

"ಪಾಪ್‌ಕಾರ್ನ್ ಕ್ಯೂನಲ್ಲಿದ್ದಿರಿ. ಭಾನು ಕಷ್ಟ ಏನು, ಅದಕ್ಕೆ ಯಾರು ಕಾರಣ, ಎಲ್ಲಾ ಬಂತು. ಬದುಕಿರೋ ಹೆಂಗಸು ಅತ್ತರೆ ತಿರುಗಿ ನೋಡದ ಊರು, ಸತ್ತವಳು ಬಂದಿದ್ದಾಳೆ ಅಂದ ತಕ್ಷಣ ಕೈಕಟ್ಟಿ ನಿಲ್ಲುತ್ತೆ. ಇಡೀ ಚಿತ್ರದಲ್ಲಿ ನನಗೆ ನಾಟಿದ್ದು ಅದು. ನೀವು ಬಂದು ಕೂತು, ಈ ಹುಡುಗಿ ಯಾಕೆ ಅಳ್ತಿದಾಳೆ ಅಂದಿರಿ. ಅಕ್ಕಪಕ್ಕದವರು ಶ್ ಅಂದರು."

ಜಗುಲಿಯಲ್ಲಿ ಬಜ್ಜಿ ಅಗಿಯುವ ಸದ್ದೂ ನಿಂತಿತು. ಮೇಷ್ಟ್ರಿಗೆ ಹಳೆಯ ಉತ್ಸಾಹ ಬಂತು. ಹಾಜರಿ ಪುಸ್ತಕ ತೆರೆದವರ ಹಾಗೆ ಒಂದೊಂದೇ ಕೇಳಿದರು.

"'ಕಾಂತಾರ'ಕ್ಕೆ ಇಂಟರ್ವಲ್‌ನಲ್ಲಿ ಎಲ್ಲಿದ್ದ?"

"ಸಮೋಸಾ. ಬಿಲ್ಲಿಂಗ್ ಮಷೀನು ಕೆಟ್ಟಿತ್ತು" ಅಂದರು ಅತ್ತಿಗೆ.

"'ಚಾರ್ಲಿ'ಗೆ?"

"ಕಾಫಿ. ಇವರು ವಾಪಸ್ ಬರೋ ಹೊತ್ತಿಗೆ ಬೈಕು ರಾಜ್ಯ ದಾಟಿತ್ತು."

"ಈ 'ಗರುಡ ಗಮನ' ಇಷ್ಟವಾಯಿತಲ್ಲ?"

"ಹೆದರಿಕೊಂಡು ಇಂಟರ್ವಲ್‌ನಲ್ಲಿ ಸೀಟು ಬಿಟ್ಟು ಏಳಲೇ ಇಲ್ಲ."

"'ಶಾಖಾಹಾರಿ'?"

"ಓಟಿಟಿಯಲ್ಲಿ ನೋಡಿದ್ದು. ಮನೆಯಲ್ಲಿ ಕ್ಯೂ ಎಲ್ಲಿಂದ ಬರಬೇಕು?"

ವಿಮರ್ಶಕರು ಸುಮ್ಮನೆ ಸೋಲುವವರಲ್ಲ. ತಪ್ಪು ಮಲ್ಟಿಪ್ಲೆಕ್ಸಿನದು ಅಂದರು. 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಟಿಕೆಟ್‌ಗೆ 200 ರೂಪಾಯಿ ಮಿತಿ ಹಾಕಿತು, ಕೆಲವೇ ದಿನಕ್ಕೆ ಹೈಕೋರ್ಟ್ ತಡೆ ಕೊಟ್ಟಿತು. ಎಲ್ಲರೂ ಟಿಕೆಟ್ ಬಗ್ಗೆಯೇ ಕಾದಾಡಿದರು, ಪಾಪ್‌ಕಾರ್ನ್ ರೇಟಿನ ಬಗ್ಗೆ, ಆ ಕ್ಯೂ ಬಗ್ಗೆ ಯಾರೂ ಸೊಲ್ಲೆತ್ತಲಿಲ್ಲ. ಇನ್ನು ನಿರ್ದೇಶಕರಿಗಾದರೂ ಬುದ್ಧಿ ಬೇಡವಾ? ಜನ ಇನ್ನೂ ಒಳಗೆ ಬರುತ್ತಿರುವಾಗಲೇ ಮುಖ್ಯವಾದ ದೃಶ್ಯ ಇಟ್ಟರೆ?

"ಅದು ನಿಜ" ಅಂದರು ಮೇಷ್ಟ್ರು, ಒಮ್ಮೆಲೇ ಪಕ್ಷ ಬದಲಿಸಿ. "ನಮ್ಮ ಕಾಲದಲ್ಲಿ ಇಂಟರ್ವಲ್ ಆದ ತಕ್ಷಣ ಒಂದು ಹಾಡೋ, ಹಾಸ್ಯವೋ ಇರುತ್ತಿತ್ತು. ಕಡಲೆಕಾಯಿ ಪೊಟ್ಟಣ ಹಿಡಿದುಕೊಂಡು, ನಾಲ್ಕು ಜನರ ಕಾಲು ತುಳಿದು ಸೀಟಿಗೆ ಬರುವ ಹೊತ್ತಿಗೆ ಕಥೆ ನಮಗಾಗಿ ಕಾಯುತ್ತಿತ್ತು."

"ನೋಡಿದಿರಾ! ಇದರ ಮೇಲೆ ಒಂದು ಲೇಖನ ಬರೆಯುತ್ತೇನೆ" ಅಂತ ವಿಮರ್ಶಕರು ಎದ್ದೇಬಿಟ್ಟರು.

"ಮೊದಲು ಒಂದು ಸಿನಿಮಾ ಪೂರ್ತಿ ನೋಡಿ" ಅಂದರು ಅತ್ತಿಗೆ.

ಹುಡುಗ ಫೋನು ತೆಗೆದು ಶುಕ್ರವಾರದ ಸಂಜೆ ಶೋಗೆ ಐದು ಟಿಕೆಟ್ ಬುಕ್ ಮಾಡಿದ. ವಿಮರ್ಶಕರನ್ನು ನಡುವಿನ ಸೀಟಿಗೆ ಹಾಕಿ, ಎರಡೂ ಕಡೆ ಇಬ್ಬಿಬ್ಬರು ಕೂರುವುದೆಂದು ತೀರ್ಮಾನವಾಯಿತು. ತಿಂಡಿಯ ಏರ್ಪಾಡು ಅತ್ತಿಗೆಯದು. ಕೋಡುಬಳೆ ಡಬ್ಬಿ ವ್ಯಾನಿಟಿ ಬ್ಯಾಗಿನ ತಳಕ್ಕೆ, ಅದರ ಮೇಲೆ ಶಾಲು, ಶಾಲಿನ ಮೇಲೆ ಮಾತ್ರೆ ಚೀಟಿ.

"ಬಾಗಿಲಲ್ಲಿ ಬ್ಯಾಗ್ ಚೆಕ್ ಮಾಡುತ್ತಾರೆ ಆಂಟಿ, ಹೊರಗಿನ ತಿಂಡಿ ಬಿಡಲ್ಲ" ಅಂದ ಹುಡುಗ.

"ಅಲ್ಲಿ ನಿಲ್ಲೋ ಸೆಕ್ಯುರಿಟಿಯವನು ನನ್ನ ಹಳೇ ಸ್ಟೂಡೆಂಟು ಕಣಯ್ಯಾ" ಅಂದರು ಮೇಷ್ಟ್ರು. "ಅವನಿಗೂ ನಾಲ್ಕು ಕೋಡುಬಳೆ ಎತ್ತಿಡಮ್ಮ. ಗಣಿತದಲ್ಲಿ ಫೇಲ್ ಮಾಡಿದ್ದೆ, ಬರೀ ಮಾತಿಗೆ ಬಿಡುವವನಲ್ಲ."