ಜಿಮ್‌ಗೆ ಹೋಗೋಕಾಗಲ್ಲ, ದಿನದ ಯಾವ ಅಭ್ಯಾಸ ಮೊದಲು ಸರಿಮಾಡಿಕೊಳ್ಳಲಿ?

ವಿಜಯನಗರ_ಪ್ರಯಾಣಿಕ:
ವಯಸ್ಸು 42, ತೂಕ 74 ಕೆಜಿ. ವಿಜಯನಗರದಿಂದ ವೈಟ್‌ಫೀಲ್ಡ್‌ಗೆ ಮೆಟ್ರೋ, ಅಲ್ಲಿ ಒಂಬತ್ತು ಗಂಟೆ ಕುರ್ಚಿ. ಬೆಳಿಗ್ಗೆ ಇಡ್ಲಿ ಇಲ್ಲವೇ ಉಪ್ಪಿಟ್ಟು, ಮಧ್ಯಾಹ್ನ ಅನ್ನ-ತಿಳಿಸಾರು, ರಾತ್ರಿ ಚಪಾತಿ-ಪಲ್ಯ. ಕಾಫಿ ನಾಲ್ಕು ಸಲ, ಕೊನೇದು ಸಂಜೆ ಆರಕ್ಕೆ. ಮಲಗೋದು ಹನ್ನೆರಡೂವರೆ, ಏಳೋದು ಆರು. ಶುಗರ್, ಬಿಪಿ ಸರಿಯಿದೆ. ಭಾನುವಾರ ಲಾಲ್‌ಬಾಗಿನಲ್ಲಿ ಒಂದೂವರೆ ಗಂಟೆ ನಡಿಗೆ, ಅಷ್ಟು ಸಾಕಾ?

ಬೆಳಗಿನ_ಬಿಸಿಲು:
ನಿದ್ದೆಯಿಂದ ಶುರು ಮಾಡಿ ಸರ್. ಏಳು ಗಂಟೆಯಾದರೂ ಬೇಕು. ನಿದ್ದೆಗೆಟ್ಟ ಮರುದಿನ ಹಸಿವು ಜಾಸ್ತಿ, ಕೈ ಸಿಹಿ-ಕರಿದದ್ದರ ಕಡೆಗೇ ಹೋಗುತ್ತೆ. ಕೆಫೀನ್ ಅರ್ಧಕ್ಕೆ ಇಳಿಯೋಕೇ ಸುಮಾರು ಐದು ಗಂಟೆ ಹಿಡಿಯುತ್ತೆ, ಅಂದರೆ ಆರರ ಕಾಫಿ ಹನ್ನೊಂದಕ್ಕೂ ಅರ್ಧ ಮೈಯಲ್ಲೇ ಇರುತ್ತೆ. ಕೊನೇ ಲೋಟ ಮಧ್ಯಾಹ್ನ ಎರಡರೊಳಗೆ ಮುಗಿಸಿ. ಒಂದೇ ಏಟಿಗೆ ಬಿಟ್ಟರೆ ತಲೆನೋವು ಬರುತ್ತೆ, ನಾಲ್ಕೈದು ದಿನಕ್ಕೊಂದು ಲೋಟ ಕಡಿಮೆ ಮಾಡಿ. ಮಲಗೋ ಹೊತ್ತನ್ನ ವಾರವಾರವೂ 20 ನಿಮಿಷ ಮುಂಚೆ ಮಾಡ್ತಾ ಬನ್ನಿ, ಏಳೋ ಹೊತ್ತು ಭಾನುವಾರವೂ ಅದೇ ಇರಲಿ.

ಹುರುಳಿ_ಬಸ್ಸಾರು:
ನಿದ್ದೆ ಸರಿ, ಆದರೆ ನನಗೆ ಕಂಡ ದೊಡ್ಡ ಕೊರತೆ ಆ ತಿಳಿಸಾರು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಲೆಕ್ಕ ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನ್, ನಿಮಗೆ ದಿನಕ್ಕೆ ಸುಮಾರು 61 ಗ್ರಾಂ. ನಾಲ್ಕು ಜನರ ಸಾರಿಗೆ 100 ಗ್ರಾಂ ತೊಗರಿಬೇಳೆ ಹಾಕಿದರೂ ತಲೆಗೆ ಐದೂವರೆ ಗ್ರಾಂ. ಬೇಳೆ ತಳದಲ್ಲಿ ಕೂತು ನೀವು ಮೇಲಿನ ತಿಳಿ ಮಾತ್ರ ಬಡಿಸಿಕೊಂಡರೆ ಅದೂ ಇಲ್ಲ. ಸೌಟು ತಳಕ್ಕೆ ಹೋಗಲಿ! ಬೆಳಿಗ್ಗೆ ಎರಡು ಮೊಟ್ಟೆ (12 ಗ್ರಾಂ), ತಿನ್ನದಿದ್ದರೆ ಹೆಸರುಕಾಳು ಉಸಲಿ. ಒಣಕಾಳು 50 ಗ್ರಾಂ ನೆನೆಹಾಕಿದರೆ ಹನ್ನೆರಡರ ಹತ್ತಿರ ಬರುತ್ತೆ. ಬಸ್ಸಾರು ಮಾಡಿದ ದಿನ ಬಸಿದ ಕಾಳಿನ ಪಲ್ಯವನ್ನ ಅನ್ನದಷ್ಟೇ ಬಡಿಸಿಕೊಳ್ಳಿ. ಊಟವಾದ ಕೂಡಲೇ ಕಾಫಿ ಕುಡಿದರೆ ಕಾಳು-ಸೊಪ್ಪಿನ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತಲ್ಲ, ಒಂದು ಗಂಟೆ ಬಿಡಿ. ಕಿಡ್ನಿ ತೊಂದರೆ ಇರೋರು ಪ್ರೋಟೀನ್ ಹೆಚ್ಚಿಸೋ ಮುಂಚೆ ಡಾಕ್ಟರನ್ನ ಕೇಳಲೇಬೇಕು.

ಮೆಟ್ಟಿಲೇ_ಲಿಫ್ಟು:
ಲಾಲ್‌ಬಾಗಿನ 90 ನಿಮಿಷ ಸಾಲದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳೋದು ವಾರಕ್ಕೆ 150ರಿಂದ 300 ನಿಮಿಷ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ. ಮಾತಾಡೋಕಾಗಬೇಕು, ಹಾಡೋಕಾಗಬಾರದು, ಅದೇ ಸರಿಯಾದ ವೇಗ. ವಾಪಸ್ ಬರುವಾಗ ಒಂದು ನಿಲ್ದಾಣ ಮುಂಚೆ, ಹೊಸಹಳ್ಳಿಯಲ್ಲೇ ಇಳಿದು ನಡೆದುಬನ್ನಿ. ಊಟದ ನಂತರ ಹತ್ತು ನಿಮಿಷ ಓಡಾಡಿ, ಸ್ನಾಯು ರಕ್ತದ ಸಕ್ಕರೆಯನ್ನ ಎಳೆದುಕೊಳ್ಳುತ್ತೆ. ಹತ್ತು ಸಾವಿರ ಹೆಜ್ಜೆ ಅಂತ ತಲೆಕೆಡಿಸಿಕೊಳ್ಳಬೇಡಿ, ಅದು 1965ರ ಸುಮಾರಿಗೆ ಜಪಾನಿನಲ್ಲಿ ಹೆಜ್ಜೆ ಎಣಿಸೋ ಯಂತ್ರ ಮಾರೋಕೆ ಇಟ್ಟ ಹೆಸರು.

ಸ್ನಾಯುವಿಗೆ ಕುರ್ಚಿಯೇ ಸಾಕು. ಕೈಯಿಲ್ಲದ, ಚಕ್ರವಿಲ್ಲದ ಕುರ್ಚಿಯನ್ನ ಗೋಡೆಗೆ ಒತ್ತಿಡಿ. ಪಾದ ಭುಜದಗಲ, ಹಿಮ್ಮಡಿ ನೆಲಕ್ಕೆ ಊರಿರಲಿ. ಸೊಂಟ ಹಿಂದಕ್ಕೆ ತಳ್ಳಿ, ಮೂರು ಎಣಿಸ್ತಾ ಇಳಿಯಿರಿ, ಸೀಟು ತಾಗಿದ ತಕ್ಷಣ ಉಸಿರು ಬಿಡ್ತಾ ಏಳಿ. 8ರಿಂದ 12 ಸಲ, ಮೂರು ಸುತ್ತು, ದಿನ ಬಿಟ್ಟು ದಿನ. ತಪ್ಪಾಗೋದು ಎರಡು ಕಡೆ: ಕೊನೇ ಎರಡು ಇಂಚಲ್ಲಿ ಧೊಪ್ಪಂತ ಕೂರೋದು, ಏಳುವಾಗ ಮಂಡಿ ಒಳಕ್ಕೆ ವಾಲೋದು. ಧೊಪ್ಪಂತ ಕೂರೋದು ತಪ್ಪಿಸೋಕಾಗದಿದ್ದರೆ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ. ಮಂಡಿ ಕಾಲಿನ ಎರಡನೇ ಬೆರಳಿನ ನೇರಕ್ಕಿರಲಿ. 12 ಸಲೀಸಾದರೆ ಒಂದೊಂದು ಲೀಟರಿನ ಎರಡು ಬಾಟಲಿ ತುಂಬಿದ ಬ್ಯಾಗನ್ನ ಎದೆಗೆ ಅಪ್ಪಿಕೊಂಡು ಮಾಡಿ.

ವಿಜಯನಗರ_ಪ್ರಯಾಣಿಕ:
ಏಳುವಾಗ ಮಂಡಿ ಕಟಕ್ ಅನ್ನುತ್ತೆ, ಮಾಡಬಹುದಾ?

ಮೆಟ್ಟಿಲೇ_ಲಿಫ್ಟು:
ನೋವು, ಊತ ಇಲ್ಲದ ಸದ್ದಿಗೆ ಹೆದರಬೇಡಿ. ಮರುದಿನ ತೊಡೆ ನೋವು ಸಹಜ, ಎರಡು ಮೂರು ದಿನದಲ್ಲಿ ಹೋಗುತ್ತೆ. ಮಂಡಿಯೊಳಗೆ ಚುಚ್ಚಿದ ಹಾಗಾದರೆ, ಊದಿಕೊಂಡರೆ ಅಥವಾ ಮಂಡಿ ಸಿಕ್ಕಿಹಾಕಿಕೊಂಡ ಹಾಗಾದರೆ ನಿಲ್ಲಿಸಿ, ಮೂಳೆ ಡಾಕ್ಟರಿಗೆ ತೋರಿಸಿ.